ಬೀಗರ ಊಟದ ಕುರ್ಚಿ, ಭಾಷಣದ ಕುರ್ಚಿ

ನಾವೆಲ್ಲ ಆಡುವ ಒಂದು ಮಾತಿನಿಂದ ಶುರು ಮಾಡುತ್ತೇನೆ. 'ನಿನ್ನೆ ಭಾಷಣಕ್ಕೆ ಹೋಗಿದ್ದೆ' ಅನ್ನುತ್ತೇವೆ. 'ನಿನ್ನೆ ಭಾಷಣ ಕೇಳಿದೆ' ಅನ್ನುವವರು ಕಡಿಮೆ. ಮದುವೆಗೆ ಹೋಗಿದ್ದೆ, ತಿಥಿಗೆ ಹೋಗಿದ್ದೆ, ಜಾತ್ರೆಗೆ ಹೋಗಿದ್ದೆ, ಭಾಷಣಕ್ಕೆ ಹೋಗಿದ್ದೆ. ಎಲ್ಲ ಒಂದೇ ಸಾಲು. ನಮ್ಮ ಮಂಡ್ಯ ಕಡೆ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಭಾಷಣ ನೋಡ್ಕಂಡ್ ಬಂದೆ' ಅನ್ನುತ್ತಾರೆ. ನಾನು ಚಿಕ್ಕವನಿದ್ದಾಗ ಇದನ್ನು ಕೇಳಿ ನಗುತ್ತಿದ್ದೆ. ಭಾಷಣ ನೋಡುವುದು ಹೇಗೆ ಅಂತ. ಈಗ ನಗುವುದಿಲ್ಲ. ಅವರು ಹೇಳುತ್ತಿದ್ದದ್ದೇ ಸರಿ ಅಂತ ನನಗೆ ಅನ್ನಿಸಿದ್ದು 2023ರ ಏಪ್ರಿಲ್‌ನ ಒಂದು ಶನಿವಾರ, ಭಾನುವಾರ. ಆ ಎರಡು ದಿನದ ಕತೆಯನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ವಿಧಾನಸಭೆ ಚುನಾವಣೆಯ ಹೊತ್ತು ಅದು. ಮಾರ್ಚ್ 29ಕ್ಕೆ ನೀತಿಸಂಹಿತೆ ಬಂದಿತ್ತು, ಮೇ 10ಕ್ಕೆ ಮತದಾನ. ನಾನು ಮದ್ದೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿದ್ದು ಚುನಾವಣೆ ನೋಡೋಕಲ್ಲ, ಬೀಗರ ಊಟಕ್ಕೆ. ಹಳೇ ಮೈಸೂರು ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆ ಕಡೆಯವರಿಗೆ ಒಂದು ಮಾತು: ಮದುವೆ ಆದ ಮೇಲೆ ಬೀಗರನ್ನು, ನೆಂಟರಿಷ್ಟರನ್ನು ಕರೆದು ಹಾಕುವ ಬಾಡೂಟ. ಮದುವೆಯ ದಿನ ಬೇಳೆ ಸಾರು, ಪಾಯಸ. ಬೀಗರ ಊಟದ ದಿನ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಮದುವೆಗೆ ಬರಲಾಗದವರು ಕೂಡ ಇದಕ್ಕೆ ಹೇಗೋ ಬಿಡುವು ಮಾಡಿಕೊಳ್ಳುತ್ತಾರೆ.

ತೋಟದಲ್ಲಿ ಶಾಮಿಯಾನ ಹಾಕಿದ್ದರು. ಕೆಂಪು ಪ್ಲಾಸ್ಟಿಕ್ ಕುರ್ಚಿ. ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ ಶಾಮಿಯಾನ ಅಂಗಡಿಯ ಎರಡು ಅಕ್ಷರ. ನನಗೆ ಸಿಕ್ಕಿದ ಕುರ್ಚಿಯ ಎಡಗೈ ಮುರಿದಿತ್ತು. ಅದನ್ನು ತಂತಿಯಲ್ಲಿ ಬಿಗಿದಿದ್ದರು. ತಂತಿಯ ತುದಿ ಅಂಗಿಗೆ ಸಿಕ್ಕಿ ಒಂದು ದಾರ ಎಳೆಯಿತು. ಹೊಸ ಅಂಗಿ. ಅದಕ್ಕೇ ಆ ಕುರ್ಚಿ ನೆನಪಿದೆ.

ಮೊದಲ ಪಂಕ್ತಿ ಎದ್ದು ಎರಡನೆಯದು ಕೂರುವ ಹೊತ್ತಿಗೆ ಒಂದು ಜೀಪು ಬಂತು. ಚುನಾವಣೆಯ ಫ್ಲೈಯಿಂಗ್ ಸ್ಕ್ವಾಡ್, ಮತಕ್ಕಾಗಿ ಊಟ, ದುಡ್ಡು ಹಂಚುತ್ತಿದ್ದಾರಾ ಅಂತ ನೋಡುವವರು. ಒಬ್ಬ ಅಧಿಕಾರಿ, ಒಬ್ಬ ಪೊಲೀಸ್, ಕ್ಯಾಮೆರಾ ಹಿಡಿದ ಒಬ್ಬ ಹುಡುಗ. 'ಯಾರ ಊಟ ಇದು?' ಅಂತ ಕೇಳಿದರು. ನಮ್ಮ ಮಾವ ಜೇಬಿನಿಂದ ಲಗ್ನಪತ್ರಿಕೆ ತೆಗೆದು ತೋರಿಸಿದರು. ಆ ಸೀಸನ್‌ನಲ್ಲಿ ಲಗ್ನಪತ್ರಿಕೆಯನ್ನು ಜೇಬಲ್ಲೇ ಇಟ್ಟುಕೊಂಡಿರಬೇಕು, ವಾಹನದ ಆರ್‌ಸಿ ಇದ್ದ ಹಾಗೆ! ಅಧಿಕಾರಿ ಪತ್ರಿಕೆ ಓದಿದರು, ಹೆಣ್ಣು ಗಂಡಿನ ಹೆಸರು ನೋಡಿದರು. ಫ್ಲೆಕ್ಸಲ್ಲಿ ಯಾವ ಪಕ್ಷದ ಮುಖವಾದರೂ ಇದೆಯಾ ಅಂತ ಸುತ್ತ ಕಣ್ಣಾಡಿಸಿದರು. ಇರಲಿಲ್ಲ. ಊಟಕ್ಕೆ ಕರೆದರೆ ಒಲ್ಲೆ ಅಂದರು. ಕ್ಯಾಮೆರಾ ಹುಡುಗ ಮಾತ್ರ ಬೋಟಿ ಕಡೆ ಸ್ವಲ್ಪ ಜಾಸ್ತಿ ಹೊತ್ತು ಕ್ಯಾಮೆರಾ ಹಿಡಿದ ಅಂತ ನನಗೆ ಅನ್ನಿಸಿತು.

ಅವರು ಹೋದ ಮೇಲೆ ಇನ್ನೊಬ್ಬರು ಬಂದರು, ಸ್ಥಳೀಯ ಮುಖಂಡರು. ಪಕ್ಷ ಹೇಳುವುದಿಲ್ಲ, ಬೇಕಾಗಿಲ್ಲ. ಬಿಳಿ ಅಂಗಿ, ಹಿಂದೆ ಏಳೆಂಟು ಹುಡುಗರು. ಹೆಣ್ಣು ಗಂಡಿಗೆ ಅಕ್ಷತೆ, ಒಂದು ಫೋಟೋ, ಹಿರಿಯರಿಗೆ ಕೈಮುಗಿದರು. ಎಲೆ ಮುಂದೆ ಕೂತರು, ಮುದ್ದೆಗೆ ಕೈ ಹಾಕಿದರು, ಎರಡು ತುತ್ತು, ಫೋನ್ ಬಂತು, ಎದ್ದರು. ಒಟ್ಟು ಏಳು ನಿಮಿಷ ಇರಬಹುದು.

ಅಷ್ಟೇ. ಒಂದು ಮಾತೂ ಭಾಷಣ ಇಲ್ಲ. ಆದರೆ ಆಮೇಲಿನ ಅರ್ಧ ಗಂಟೆ ಆ ಏಳು ನಿಮಿಷದ್ದೇ ಚರ್ಚೆ. ಯಾರಿಗೆ ಮೊದಲು ಕೈಮುಗಿದರು? ಹೆಣ್ಣಿನ ಅಪ್ಪನಿಗಾ, ಪಂಚಾಯ್ತಿ ಮೆಂಬರಿಗಾ? ಪಕ್ಕದಲ್ಲಿ ಕೂತವನು ಹೋದ ಸಲ ಬೇರೆ ಪಕ್ಷದಲ್ಲಿ ಇದ್ದನಲ್ವಾ? ಈ ಊರಿನ ಇನ್ನೊಂದು ಗುಂಪಿನವರ ಮನೆಗೂ ಹೋದರಾ, ಇಲ್ಲವಾ? ದೊಡ್ಡಮ್ಮ ಒಬ್ಬರು ತೀರ್ಪು ಕೊಟ್ಟರು: 'ಎಲೆ ಮುಂದೆ ಕೂತ್ಮೇಲೆ ಉಣ್ಬೇಕು. ಇಲ್ದಿದ್ರೆ ಕೂರ್ಬಾರ್ದು.' ಆ ಸಾಲಿನ ಹತ್ತು ಜನರ ಮಟ್ಟಿಗೆ ಮುಖಂಡರು ಅವತ್ತೇ ಸೋತರು ಅಂತ ಕಾಣುತ್ತದೆ.

ಭಾನುವಾರ ಬೆಳಗ್ಗೆ ಅಕ್ಕನ ಮಗಳನ್ನು ಕರೆದುಕೊಂಡು ಶಿವಪುರಕ್ಕೆ ಹೋದೆ. ಬೆಂಗಳೂರಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅವತ್ತು ಸಂಜೆ ಮದ್ದೂರು ಕಡೆಯೇ ಒಬ್ಬ ದೊಡ್ಡ ನಾಯಕರ ಸಭೆ ಇತ್ತು. ಅವಳಿಗೆ ಜೀವಮಾನದಲ್ಲಿ ಒಂದು ಸಲ ಆದರೂ ನಿಜವಾದ ರಾಜಕೀಯ ಭಾಷಣ ನೋಡಬೇಕು ಅಂತ ಆಸೆ. ಅವಳೂ 'ನೋಡಬೇಕು' ಅಂದಳು, ಗಮನಿಸಿ. ಸರಿ, ಅದಕ್ಕೆ ಮೊದಲು ಇಲ್ಲೇ ಇರುವ ಇನ್ನೊಂದು ಜಾಗ ನೋಡು ಅಂದೆ.

ಶಿವಪುರದ ಸತ್ಯಾಗ್ರಹ ಸೌಧ ಹಳೇ ಹೆದ್ದಾರಿಯ ಪಕ್ಕದಲ್ಲೇ ಇದೆ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಬೆಂಗಳೂರು–ಮೈಸೂರಿನ ಕಾರುಗಳು ಮದ್ದೂರಿನ ಒಳಗೆ ಬರುವುದೇ ಕಡಿಮೆ. ಮದ್ದೂರು ವಡೆಗೂ ಏಟು, ಸೌಧಕ್ಕೂ ಏಟು. ವಡೆಯ ಬಗ್ಗೆ ಮರುಗುವವರು ಬೇಕಾದಷ್ಟು ಜನ ಇದ್ದಾರೆ, ಹಾಗಾಗಿ ನಾನು ಸೌಧದ ವಿಷಯ ಹೇಳುತ್ತೇನೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್‌ನ ಅಧಿವೇಶನ ಇಲ್ಲಿ ನಡೆಯಿತು. ಟಿ. ಸಿದ್ದಲಿಂಗಯ್ಯ ಅಧ್ಯಕ್ಷರು. ಕಾಂಗ್ರೆಸ್ ಬಾವುಟ ಹಾರಿಸಬಾರದು ಅಂತ ಮೈಸೂರು ಸರ್ಕಾರದ ನಿಷೇಧ ಇತ್ತು. ಹಾರಿಸಿದರು, ಬಂಧನಕ್ಕೆ ಒಳಗಾದರು. ಅದೇ ತಿಂಗಳ 25ಕ್ಕೆ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಆಮೇಲೆ ಸರ್ದಾರ್ ಪಟೇಲರು ಬಂದು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆ ಆಗಿ, ಮೈಸೂರಿನ ಬಾವುಟದ ಜೊತೆಯಲ್ಲೇ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯಿತು.

ಅಕ್ಕನ ಮಗಳು ಕೇಳಿದಳು: 'ಸಿದ್ದಲಿಂಗಯ್ಯನವರು ಅವತ್ತು ಏನು ಭಾಷಣ ಮಾಡಿದರು?'

ನನ್ನ ಬಾಯಿ ಕಟ್ಟಿತು. ಬಾವುಟ ಹಾರಿದ್ದು ಗೊತ್ತು, ಬಂಧನ ಗೊತ್ತು. ಊರಲ್ಲಿ ಯಾರನ್ನು ಕೇಳಿದರೂ ನಮ್ಮ ತಾತ ಹೋಗಿದ್ದರು, ಮುತ್ತಾತ ಹೋಗಿದ್ದರು ಅನ್ನುತ್ತಾರೆ. 'ಹೋಗಿದ್ದರು.' ಮತ್ತೆ ಅದೇ ಪದ. ಏನು ಕೇಳಿಸಿಕೊಂಡರು ಅಂತ ಯಾರ ಮನೆಯಲ್ಲೂ ಕತೆ ಇಲ್ಲ. ನಿಷೇಧ ಇದ್ದ ಜಾಗಕ್ಕೆ ಹೋಗಿ ನಿಂತದ್ದೇ ಅವರ ಮಾತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೊರಳುತ್ತೇನೆ. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಆಯಿತಲ್ಲ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಗಂಗೂಬಾಯಿ ಹಾನಗಲ್ ಆಗ ಸಣ್ಣ ಹುಡುಗಿ, ಹನ್ನೊಂದು ವರ್ಷ ಇರಬಹುದು. ಅಲ್ಲಿ ಸ್ವಾಗತಗೀತೆ ಹಾಡಿದರು. ಮುಂದೆ ಅವರು ಆ ದಿನವನ್ನು ನೆನೆಸಿಕೊಂಡಾಗ ಹೇಳಿದ್ದು ಅಧ್ಯಕ್ಷ ಭಾಷಣದ ಮಾತಲ್ಲ. ಊಟ ಆದ ಮೇಲೆ, ಕೆಳಜಾತಿಯವರು ಅಂತ ತಮ್ಮಿಂದ ಆ ಜಾಗ ಚೊಕ್ಕ ಮಾಡಿಸುತ್ತಾರೇನೋ ಅನ್ನುವ ಅಂಜಿಕೆಯನ್ನು. ಯೋಚನೆ ಮಾಡಿ. ವೇದಿಕೆ ಮೇಲೆ ದೇಶದ ದೊಡ್ಡವರೆಲ್ಲ ಇದ್ದಾರೆ. ಒಂದು ಮಗುವಿಗೆ ಆ ಸಭೆ ಅಂದರೆ ಊಟದ ಜಾಗ. ಎಲ್ಲಿ ಕೂರಿಸುತ್ತಾರೆ, ಏನು ಮಾಡಿಸುತ್ತಾರೆ. ಸಭೆಯನ್ನು ಪಂಕ್ತಿಯ ಹಾಗೆ ನೋಡುವುದು ತಮಾಷೆಯ ವಿಷಯ ಅಲ್ಲ. ಪಂಕ್ತಿಯ ಹೊರಗೆ ನಿಲ್ಲಿಸಿಕೊಂಡವರಿಗೆ ಆ ಕಣ್ಣು ತಾನಾಗೇ ಬಂದಿರುತ್ತದೆ.

ಸಂಜೆಗೆ ಬರೋಣ. ನಾಲ್ಕಕ್ಕೆ ಸಭೆ ಅಂದಿದ್ದರು. ನಾಯಕರು ಬಂದಿದ್ದು ಆರೂವರೆಗೆ. ಈ ಎರಡೂವರೆ ಗಂಟೆಯನ್ನು ಎಲ್ಲರೂ ಬೈಯುತ್ತಾರೆ. ನಾನು ಬೈಯುವುದಿಲ್ಲ. ಸಭೆ ನಡೆಯುವುದೇ ಆಗ. ಏಪ್ರಿಲ್ ಬಿಸಿಲು, ಕೈಯಲ್ಲಿ ನೀರಿನ ಪ್ಯಾಕೆಟ್ಟು, ತಲೆ ಮೇಲೆ ಪಕ್ಷದ ಟೋಪಿ. ಟೋಪಿಯೂ ಆಯಿತು, ಬೀಸಣಿಗೆಯೂ ಆಯಿತು. ಹೆಂಗಸರ ಕಡೆ ಒಂದು ಗುಂಪು ಜೋರಾಗಿ ನಗುತ್ತಿತ್ತು. ಅಕ್ಕನ ಮಗಳು ಹೋಗಿ ಮಾತಾಡಿಸಿಕೊಂಡು ಬಂದಳು. ಅವರಲ್ಲಿ ಒಬ್ಬಾಕೆ ಹೇಳಿದರಂತೆ: 'ಬಸ್ಸು ಊರಿಗೇ ಬಂತು ಕವ್ವ. ನಮ್ಮ ತವರೂರಿಗೂ ಒಂದು ಬಸ್ಸು ಹೋಗದೆ ಅಂದ್ರು. ತಂಗಿ ಸಿಕ್ತಾಳೆ ಅಂತ ಬಂದೆ. ಯುಗಾದಿಗೂ ಸಿಕ್ಕಿರ್ಲಿಲ್ಲ.' ತಂಗಿ ಸಿಕ್ಕಿದ್ದಳು. ಅಕ್ಕತಂಗಿ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಜನರನ್ನು ದುಡ್ಡು ಕೊಟ್ಟು ಕರೆಸುತ್ತಾರೆ ಅಂತ ನಾವು ಪಟ್ಟಣದಲ್ಲಿ ಕೂತು ಒಂದೇ ಸಾಲಲ್ಲಿ ಮುಗಿಸಿಬಿಡುತ್ತೇವೆ. ಕೊಡುವುದು ನಿಜ ಇರಬಹುದು. ಆದರೆ ಬಂದವರಿಗೆ ಅವರವರದೇ ಕೆಲಸ ಇರುತ್ತದೆ.

ಆ ಮೈದಾನದಲ್ಲಿ ಶನಿವಾರದ ಊಟದವರು ಎಷ್ಟೊಂದು ಜನ ಸಿಕ್ಕಿದರು ಗೊತ್ತಾ? ಮಾವನ ಭಾಮೈದ, ಅಡುಗೆ ಭಟ್ಟರ ಮಗ, ಮುಖಂಡರ ಮೇಲೆ ತೀರ್ಪು ಕೊಟ್ಟ ದೊಡ್ಡಮ್ಮನ ಗಂಡ. ಎಲ್ಲರೂ ಮಾಡುತ್ತಿದ್ದದ್ದು ನಿನ್ನೆಯ ಕೆಲಸವನ್ನೇ. ವೇದಿಕೆ ಮೇಲೆ ಮೊದಲ ಸಾಲಲ್ಲಿ ಯಾರು? ಟಿಕೆಟ್ ಸಿಗದೆ ಮುನಿಸಿಕೊಂಡವರು ಬಂದಿದ್ದಾರಾ? ಬಂದಿದ್ದರೆ ಮುಖ ಹೇಗಿದೆ? ಮೈಕು ಯಾರ ಕೈಗೆ ಮೊದಲು ಹೋಯಿತು? ಹೆಸರು ಓದುವಾಗ ಯಾರ ಹೆಸರು ಬಿಟ್ಟರು? ಬೀಗರ ಊಟದಲ್ಲಿ ಸೋದರಮಾವನನ್ನು ಸರಿಯಾಗಿ ಕರೆದರಾ ಅಂತ ನೋಡುವ ಕಣ್ಣೇ ಇದು. ಇದಕ್ಕೆ ತರಬೇತಿ ಬೇಡ, ಹುಟ್ಟಿದಾಗಿನಿಂದ ಮದುವೆ ಮನೆಗಳಲ್ಲಿ ಆಗಿರುತ್ತದೆ. ಟಿವಿಯಲ್ಲಿ ಕೂತು ವಿಶ್ಲೇಷಣೆ ಮಾಡುವವರಿಗಿಂತ ದೊಡ್ಡಮ್ಮನ ಗಂಡ ಎಷ್ಟೋ ಚೆನ್ನಾಗಿ ಹೇಳಿದರು: 'ಎರಡನೇ ಸಾಲಲ್ಲಿ ಬಲಗಡೆ ಕೂತವ್ನಲ್ಲ, ಅವನು ಓಟು ಹಾಕ್ಸಲ್ಲ. ಕಾಲ್ ಮೇಲೆ ಕಾಲ್ ಹಾಕ್ಕಂಡವ್ನೆ ನೋಡು.'

ಕುರ್ಚಿ ವಿಷಯ ಬಂತು. ಅದನ್ನು ಎಣಿಸುವವರು ನಾವಷ್ಟೇ ಅಲ್ಲ. ಚುನಾವಣಾ ಆಯೋಗದವರೂ ಎಣಿಸುತ್ತಾರೆ. ವಿಧಾನಸಭೆಗೆ ನಿಂತ ಅಭ್ಯರ್ಥಿ 40 ಲಕ್ಷ ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಸಭೆಗೆ ವಿಡಿಯೋ ತಂಡ ಬರುತ್ತದೆ. ಕುರ್ಚಿ ಎಷ್ಟು, ಶಾಮಿಯಾನ ಎಷ್ಟು ಅಡಿ, ಮೈಕ್ ಸೆಟ್ ಎಷ್ಟು, ಎಲ್ಲ ಚಿತ್ರೀಕರಣ. ಬಾಡಿಗೆ ದರದ ಪಟ್ಟಿಯನ್ನು ಜಿಲ್ಲಾಡಳಿತ ಮೊದಲೇ ಮಾಡಿರುತ್ತದೆ, ಆ ಲೆಕ್ಕದಲ್ಲಿ ಗುಣಿಸುತ್ತಾರೆ. ಮಾನ್ಯತೆ ಪಡೆದ ಪಕ್ಷ 40 ಜನ ತಾರಾ ಪ್ರಚಾರಕರ ಪಟ್ಟಿ ಕೊಡಬಹುದು. ಅವರ ಓಡಾಟದ ಖರ್ಚು ಪಕ್ಷದ್ದು. ಆದರೆ ಅಭ್ಯರ್ಥಿ ಅವರ ಜೊತೆ ವೇದಿಕೆ ಹತ್ತಿದರೆ ಸಭೆಯ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೂ ಬರುತ್ತದೆ. ಹಾಗಾಗಿ ನಾಯಕರ ಪಕ್ಕದಲ್ಲಿ ನಿಲ್ಲುವುದು ಬರೀ ಗೌರವ ಅಲ್ಲ, ದುಬಾರಿ ಗೌರವ. ಮದುವೆಯಲ್ಲಿ ಬೀಗರ ಪಕ್ಕ ಯಾರು ನಿಲ್ಲಬೇಕು ಅನ್ನುವುದಕ್ಕೂ ಖರ್ಚಿಗೂ ಸಂಬಂಧ ಇರುತ್ತದಲ್ಲ, ಹಾಗೇ ಅಂದುಕೊಳ್ಳಿ.

ಇನ್ನು ಹಾರ. ಆ ಚುನಾವಣೆಯಲ್ಲಿ ನಮ್ಮ ಕಡೆ ಕ್ರೇನ್ ಹಾರದ ಹುಚ್ಚು ಜೋರಾಗಿತ್ತು. ಸೇಬಿನ ಹಾರ, ಮೂಸಂಬಿ ಹಾರ, ಕಬ್ಬಿನ ಹಾರ. ಕ್ರೇನ್‌ನಿಂದ ನಾಯಕರ ತಲೆ ಮೇಲೆ ಇಳಿಬಿಡುತ್ತಾರೆ, ಅವರು ಒಂದು ಕೈಯಲ್ಲಿ ಮುಟ್ಟುತ್ತಾರೆ, ಫೋಟೋ ಆಗುತ್ತದೆ. ಹಾರ ಕೆಳಗೆ ಬಂದ ಒಂದೇ ನಿಮಿಷಕ್ಕೆ ಬರೀ ಹಗ್ಗ ಉಳಿಯುತ್ತದೆ. ಅವತ್ತು ಸೇಬು. ನನಗೂ ಒಂದು ಸಿಕ್ಕಿತು. ಹಿಟ್ಟುಹಿಟ್ಟಾಗಿತ್ತು.

ಕೊನೆಗೆ ಭಾಷಣ. ಹಿಂದಿಯಲ್ಲಿ. ಮೊದಲ ಎರಡು ವಾಕ್ಯ ಮಾತ್ರ ಕನ್ನಡ, ಚೀಟಿ ನೋಡಿಕೊಂಡು. ಆ ಎರಡು ವಾಕ್ಯಕ್ಕೆ ಬಿದ್ದ ಚಪ್ಪಾಳೆ ಆಮೇಲೆ ಯಾವುದಕ್ಕೂ ಬೀಳಲಿಲ್ಲ. ಪಕ್ಕದಲ್ಲಿ ಅನುವಾದಕರು. ರಾಜಕೀಯ ಭಾಷಣದ ಅನುವಾದಕರ ಬಗ್ಗೆ ಯಾರಾದರೂ ಒಂದು ಪುಸ್ತಕ ಬರೆಯಬೇಕು. ಅದು ಸಣ್ಣ ಕೆಲಸ ಅಲ್ಲ. ನಾಯಕರು ಕೈ ಎತ್ತಿದರೆ ಇವರೂ ಕೈ ಎತ್ತಬೇಕು, ಆದರೆ ಅವರಷ್ಟು ಎತ್ತರಕ್ಕಲ್ಲ. ನಾಯಕರ ಜೋಕು ಕನ್ನಡಕ್ಕೆ ಬರುವುದಿಲ್ಲ ಅಂತ ಗೊತ್ತಾದರೆ ತಮ್ಮದೇ ಒಂದು ಹಾಕಬೇಕು. ಜನ ಎರಡು ಸಲ ನಗುತ್ತಾರೆ. ಹಿಂದಿ ಬರುವವರು ಮೊದಲು, ಉಳಿದವರು ಆಮೇಲೆ. ಹಿಂದಿ ಬಾರದಿದ್ದರೂ ಮೊದಲೇ ನಗುವವರು ವೇದಿಕೆ ಮೇಲೆ ಕೂತಿರುತ್ತಾರೆ.

ಅರ್ಧ ಗಂಟೆ ಜನ ಸುಮ್ನೆ ಕೂತಿದ್ದರು. ಯಾರಿಗೋ ಫೋನು, ಯಾರಿಗೋ ಮಗು, ಯಾರಿಗೋ ಬಸ್ಸಿನ ಚಿಂತೆ. ಇಷ್ಟು ಹೊತ್ತಿಗೆ ನನಗೂ ಅನ್ನಿಸಿತ್ತು, ಮಾತಿಗೆ ಇಲ್ಲಿ ಬೆಲೆಯೇ ಇಲ್ಲ, ಬರೀ ಕೂತ ಜಾಗಕ್ಕೆ ಬೆಲೆ ಅಂತ. ಆಗ ಅನುವಾದಕರು ಒಂದು ತಪ್ಪು ಮಾಡಿದರು. ಕಾವೇರಿಯ ವಿಷಯ. ನಾಯಕರು ಏನೋ ಮೇಲುಮೇಲಕ್ಕೆ ಹೇಳಿದರು, ರೈತರಿಗೆ ನೀರು ಅಂತ. ಅನುವಾದಕರು ಹುರುಪಿನಲ್ಲಿ ತಾವೇ ಒಂದು ಅಂಕಿ ಸೇರಿಸಿದರು: 'ನಮ್ಮ ಕೆಆರ್‌ಎಸ್ ನೂರಾ ಇಪ್ಪತ್ತು ಅಡಿ ತುಂಬಿ ತುಳುಕಬೇಕು!'

ಮೈದಾನದಲ್ಲಿ ಒಂದು ಗುಜುಗುಜು ಎದ್ದಿತು. ಜೋರಾಗಿ ಅಲ್ಲ. ಎಲ್ಲರೂ ತಮ್ಮ ಪಕ್ಕದವರಿಗೆ ಮೆಲ್ಲಗೆ ಹೇಳಿದ್ದು ಒಂದೇ: 'ನೂರಾ ಇಪ್ಪತ್ನಾಲ್ಕು ಪಾಯಿಂಟ್ ಎಂಟು.' ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ. ಮಂಡ್ಯದಲ್ಲಿ ಇದು ಮನೆಯ ನಂಬರ್ ಇದ್ದ ಹಾಗೆ. ಬೆಳಗ್ಗೆ ಪೇಪರ್ ತೆಗೆದರೆ ಮೊದಲು ನೋಡುವುದು ಇವತ್ತು ಎಷ್ಟು ಅಡಿ ಅಂತ. ವಿಶ್ವೇಶ್ವರಯ್ಯ ನಾಲೆಯ ಕೊನೆಯಲ್ಲಿ ಗದ್ದೆ ಇರುವವನಿಗೆ ಆ ಅಂಕಿಯೇ ಪಂಚಾಂಗ. ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಅಂತ ಹೇಳಿದ್ದು, ಆ 'ಪಾಯಿಂಟ್ ಎರಡೈದು' ಸಮೇತ ಟೀ ಅಂಗಡಿಯಲ್ಲಿ ಹೇಳುವವರಿದ್ದಾರೆ. ನಾಲ್ಕು ಮುಕ್ಕಾಲಡಿ ನೀರನ್ನು ಒಬ್ಬ ಮೈಕಲ್ಲಿ ತಿಂದುಹಾಕಿದರೆ ಬಿಡುತ್ತಾರಾ?

ಅಂದರೆ ಅವರು ಅಷ್ಟು ಹೊತ್ತೂ ಕೇಳುತ್ತಿದ್ದರು. ಫೋನು ನೋಡುತ್ತಾ, ಎಲೆಅಡಿಕೆ ಜಗಿಯುತ್ತಾ, ಒಂದು ಕಿವಿ ಅಲ್ಲೇ ಇತ್ತು. ಮದುವೆ ಮನೆಯಲ್ಲಿ ಮಾಂಗಲ್ಯಂ ತಂತುನಾನೇನ ಶುರುವಾಗುವವರೆಗೆ ಯಾರೂ ಮಂತ್ರ ಕೇಳುವುದಿಲ್ಲ. ಅದು ಬಂದ ತಕ್ಷಣ ಎಲ್ಲರ ಕೈಯಲ್ಲೂ ಅಕ್ಷತೆ ಇರುತ್ತದೆ, ಅಲ್ವಾ? ತಮಗೆ ಸೇರಿದ ಮಾತು ಬರುವವರೆಗೆ ಕಾಯುವುದೂ ಕೇಳುವ ಒಂದು ರೀತಿಯೇ.

ಸ್ವಲ್ಪ ಹೊತ್ತಿಗೆ ನನ್ನ ಹಿಂದೆ ಕೂತಿದ್ದ ಹಸಿರು ಟವೆಲ್‌ನ ಮುದುಕರೊಬ್ಬರು ಎದ್ದು ಹೊರಟರು. ಯಾಕೆ ಅಂತ ಕೇಳಿದೆ. 'ಇಲ್ಲಿ ಮುಯ್ಯಿ ಉಲ್ಟಾ ಕನಪ್ಪ' ಅಂದರು.

ಈ ಮಾತನ್ನು ನಾನು ಇವತ್ತಿಗೂ ಮೆಲುಕು ಹಾಕುತ್ತಿದ್ದೇನೆ. ನಮ್ಮ ಕಡೆ ಮದುವೆಗೆ ಹೋದವರು ಮುಯ್ಯಿ ಕೊಡುತ್ತಾರೆ. ಒಬ್ಬರು ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಇಂಥ ಊರಿನ ಇಂಥವರು ಇಷ್ಟು ಅಂತ. ಮುಂದೆ ಅವರ ಮನೆಯ ಮದುವೆಗೆ ಅದನ್ನು ಹಿಂದಿರುಗಿಸಬೇಕು. ಮುಯ್ಯಿ ಕೊಟ್ಟದ್ದರಿಂದಲೇ ದೊಡ್ಡಮ್ಮ ತಲೆ ಎತ್ತಿಕೊಂಡು ಉಂಡರು. ಸಾರಿಗೆ ಉಪ್ಪು ಕಡಿಮೆ ಅಂದರು. ಮುಖಂಡರು ಎಲೆ ಬಿಟ್ಟು ಎದ್ದದ್ದು ತಪ್ಪು ಅಂದರು. ಅವರು ಯಾರ ಹಂಗಿನಲ್ಲೂ ಇರಲಿಲ್ಲ. ರಾಜಕೀಯ ಸಭೆಯಲ್ಲಿ ಇದು ತಿರುಗುಮುರುಗು. ಬಸ್ಸು ಅವರದು, ಟೋಪಿ ಅವರದು, ಊಟದ ಪೊಟ್ಟಣ ಅವರದು. ಬಂದವರ ಹೆಸರು ಬರೆದುಕೊಳ್ಳುವ ಪುಸ್ತಕವೂ ಅವರ ಕೈಯಲ್ಲೇ. ಅದಕ್ಕೇ 124.80 ಅನ್ನುವುದು ಪಿಸುಮಾತಲ್ಲೇ ಉಳಿಯಿತು. ಬಾಡೂಟದ ಸಾಲಲ್ಲಿ ಆಗಿದ್ದರೆ ದೊಡ್ಡಮ್ಮ ಕೂಗಿ ಹೇಳುತ್ತಿದ್ದರು.

ಆ ಹಸಿರು ಟವೆಲ್‌ನವರಿಗೆ ಇದು ಗೊತ್ತಿರುವುದಕ್ಕೆ ಕಾರಣ ಇದೆ. ನಮ್ಮ ಕಡೆ ಹಸಿರು ಟವೆಲ್ ಅಂದರೆ ರೈತ ಸಂಘ. ರೈತ ಸಂಘದವರು ಚುನಾವಣೆಗೆ ನಿಂತಾಗ 'ಒಂದು ವೋಟು, ಒಂದು ನೋಟು' ಅಂತ ಕೇಳಿಕೊಂಡು ಬಂದವರು. ಮೇಲುಕೋಟೆ, ಪಾಂಡವಪುರ ಕಡೆ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಕಾಲದಿಂದ ಜನಕ್ಕೆ ಪರಿಚಯ ಇರುವ ಮಾತು. ನಿಮ್ಮ ಮತವನ್ನೂ ಕೊಡಿ, ಕೈಲಾದಷ್ಟು ದುಡ್ಡನ್ನೂ ಕೊಡಿ. ಕೇಳಿದರೆ ನಗು ಬರಬಹುದು, ಈ ಕಾಲದಲ್ಲಿ ಮತದಾರನ ಹತ್ತಿರ ದುಡ್ಡು ಕೇಳೋದಾ ಅಂತ. ಆದರೆ ಮುಯ್ಯಿಯ ಲೆಕ್ಕದಲ್ಲಿ ನೋಡಿ. ಹತ್ತು ರೂಪಾಯಿ ಕೊಟ್ಟವನು ಸಭೆಯಲ್ಲಿ ನೆಂಟ. ಪ್ರಶ್ನೆ ಕೇಳುತ್ತಾನೆ. ಆ ದಾರಿಯಲ್ಲಿ ಹೋದವರು ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ, ಅದನ್ನೂ ಹೇಳಿಬಿಡುತ್ತೇನೆ.

ರಾತ್ರಿ ಹತ್ತಕ್ಕೆ ಮೈಕು ನಿಲ್ಲಿಸಲೇಬೇಕು. ನಿಯಮ ಅದು. ನಾಯಕರು ಎಂಟೂವರೆಗೇ ಮುಗಿಸಿ ಹೊರಟರು. ಕಾರುಗಳ ಹಿಂದೆ ಧೂಳು, ಧೂಳಿನ ಹಿಂದೆ ಜನ. ಬಸ್ಸು ಹುಡುಕಿಕೊಂಡು ಅಕ್ಕತಂಗಿ ಬೇರೆಬೇರೆ ದಿಕ್ಕಿಗೆ ಹೋದದ್ದನ್ನು ನೋಡಿದೆ. ಅಕ್ಕನ ಮಗಳು ಇಡೀ ಭಾಷಣವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಮನೆಗೆ ಹೋಗಿ ಹಾಕಿದರೆ ನಾಯಕರ ದನಿ ಕ್ಷೀಣವಾಗಿ ಕೇಳುತ್ತದೆ. ಪಕ್ಕದವರು ಸೌತೆಕಾಯಿ ರೇಟಿನ ಬಗ್ಗೆ ಜಗಳ ಆಡುವುದು ಸ್ಪಷ್ಟವಾಗಿ ಕೇಳುತ್ತದೆ. ಅತ್ತೆ ಅದನ್ನು ಎರಡು ನಿಮಿಷ ಕೇಳಿ, 'ಅದಿರ್ಲಿ, ಯಾರ್ಯಾರು ಬಂದಿದ್ರು?' ಅಂದರು. ನಾವು ಊಟ ಮುಗಿಯುವವರೆಗೆ ಅದನ್ನೇ ಹೇಳಿದೆವು.

ಆದರೆ ಮೈದಾನ ಬಿಡುವ ಮುಂಚೆ ಇನ್ನೊಂದು ಆಗಿತ್ತು. ಜನ ಕರಗಿದ ಮೇಲೆ ಶಾಮಿಯಾನದ ಹುಡುಗರು ಕುರ್ಚಿ ಪೇರಿಸಲು ಶುರು ಮಾಡಿದರು. ನನ್ನ ಕಾಲ ಹತ್ತಿರದ ಒಂದು ಕುರ್ಚಿ ಎತ್ತಿಕೊಟ್ಟೆ. ಕೆಂಪು ಕುರ್ಚಿ, ಬೆನ್ನ ಮೇಲೆ ಅದೇ ಎರಡು ಬಿಳಿ ಅಕ್ಷರ. ಎಡಗೈಗೆ ತಂತಿ. ತಂತಿಯ ತುದಿಯಲ್ಲಿ ನನ್ನ ಅಂಗಿಯ ನೀಲಿ ದಾರ ಇನ್ನೂ ಹಾಗೇ ಇತ್ತು.

'ನಿನ್ನೆ ತೋಟದಲ್ಲಿ ಬೀಗರ ಊಟಕ್ಕೆ ಹಾಕಿದ್ರಲ್ಲ, ಅದೇ ಕುರ್ಚಿನಾ?' ಅಂದೆ.

'ಹೂಂ ಸಾ, ಅದೇಯ. ನೀವೂ ಬಂದಿದ್ರಾ?' ಅಂದ ಹುಡುಗ. ಹದಿನೆಂಟು ಹತ್ತೊಂಬತ್ತು ಇರಬಹುದು. ಎಂಟೆಂಟು ಕುರ್ಚಿ ಒಂದೇ ಸಲಕ್ಕೆ ಎತ್ತುತ್ತಿದ್ದ. ಇವತ್ತು ಜನ ಎಷ್ಟು ಬಂದಿದ್ದರು ಅಂತ ಕೇಳಿದೆ. ಪಕ್ಷದವರು ಆಗಲೇ ಮೈಕಲ್ಲಿ ಲಕ್ಷದ ಲೆಕ್ಕ ಹೇಳಿ ಹೋಗಿದ್ದರು. ಅವನು ನಕ್ಕು ಹಿಂದಿನ ಸಾಲುಗಳ ಕಡೆ ಕೈ ತೋರಿಸಿದ. 'ಕೂತಿರೋ ಕುರ್ಚಿ ಮೇಲೆ ಧೂಳು ಇರಲ್ಲ ಸಾ. ಒರಸ್ಕಂಡು ಕೂತಿರ್ತಾರೆ. ಆ ಕಡೆಯವು ನೋಡಿ.' ಹಿಂದಿನ ಸಾಲುಗಳಲ್ಲಿ ಕುರ್ಚಿಗಳ ಮೇಲೆ ಮೈದಾನದ ಕೆಂಪು ಧೂಳು ಸಮನಾಗಿ ಕೂತಿತ್ತು.

ನಾಳೆ ರಜವಾ ಅಂದೆ.

'ಎಲ್ಲಿ ರಜ ಸಾ. ನಾಳೆ ಇನ್ನೊಂದು ಪಾರ್ಟಿದು, ಇದೇ ಮೈದಾನ. ಬರೀ ಬ್ಯಾನರ್ ಬದಲಾಯ್ಸದು. ನಾಳಿದ್ದು ಒಂದು ತಿಥಿ ಐತೆ. ಅದಕ್ಕೆ ಇನ್ನೂರು ಕುರ್ಚಿ ಸಾಕು.'